ಹುಲಿಪಟ್ಟೆಯ ನೂರಿಪ್ಪತ್ತು ಸಿಪಾಯಿಗಳು

ಖಾನಾಪುರ
5 ಜೂನ್ 2024

ರಸೂಲಸಾಬನಿಗೆ,

ಶರಣು ಶರಣಾರ್ಥಿ ಎಂದು ಆರಂಭಿಸುವುದು ನನ್ನ ರೂಢಿ. ಈ ಸಲ ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ನಿಂಗವ್ವನ ಫೋನಿನಿಂದ ಮಾಡಿದರೆ ಅದನ್ನೂ ಬ್ಲಾಕ್ ಮಾಡಿದೆ. ನನ್ನ ಹೆಂಡತಿ ನಿನಗೇನು ಮಾಡಿದ್ದಳು? ಹೀಗಾಗಿ ಎಷ್ಟೋ ವರ್ಷಗಳ ಮೇಲೆ ಅಂಚೆ ಕಚೇರಿಗೆ ಹೋಗಿ, ಲಕೋಟೆ ತಂದು ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಭಾನುವಾರ ನನ್ನ ಮನೆಯಿಂದ ಎತ್ತಿಕೊಂಡು ಹೋದ ತಗಡಿನ ಪೆಟ್ಟಿಗೆಯನ್ನು ವಾಪಸು ಕಳಿಸು. ಅದರಲ್ಲಿರುವ ಮೈಸೂರು ಸೈನ್ಯದ ನೂರಿಪ್ಪತ್ತು ಸಿಪಾಯಿಗಳನ್ನು ಪುಣೆಯಿಂದ ಅಚ್ಚು ಹಾಕಿಸಿ ತರಿಸಿದವನು ನಾನು. ಅವರ ಅಂಗಿಗೆ ನೇರಳೆ ಬಣ್ಣ, ಅದರ ಮೇಲೆ ಬಿಳಿ ಹುಲಿಪಟ್ಟೆ ಎಂದು ಪುಸ್ತಕಗಳಲ್ಲಿ ಹುಡುಕಿ ಹೇಳಿದವನೂ ನಾನೇ. ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಗೊಂಬೆಗಳಿಗಾಗಿ ಅರವತ್ತು ದಾಟಿದ ಇಬ್ಬರು ಕಿತ್ತಾಡುವುದನ್ನು ನೋಡಿ ನಿಂಗವ್ವ ನಗುತ್ತಿದ್ದಾಳೆ. ನನಗೆ ನಗು ಬರುತ್ತಿಲ್ಲ.

ದಾಳ ಉರುಳಿಸಿ ಆಡುವ ನಮ್ಮ ಯುದ್ಧದ ಆಟ ಅರ್ಧಕ್ಕೆ ನಿಂತಿದೆ. ಮೇಜಿನ ಮೇಲೆ ಥರ್ಮೋಕೋಲಿನ ಧಾರವಾಡ ಕೋಟೆ ಹಾಗೇ ಇದೆ. ಹೊರಗೆ ಮರಾಠರು ಮತ್ತು ಕಂಪನಿಯವರು ಸೇರಿ ಇನ್ನೂರು ಜನ ತೋಪು ಹೂಡಿ ನಿಂತಿದ್ದಾರೆ, ಒಳಗೆ ಕಾಯಲು ಒಬ್ಬನೂ ಇಲ್ಲ. 1790ರಲ್ಲಿ ಆ ಕೋಟೆಯ ಒಳಗಿದ್ದವರು ತಿಂಗಳುಗಟ್ಟಲೆ ತಡೆದುಕೊಂಡರು. ನೀನು ಒಂದು ಕಾರ್ಡಿನ ಸಾಲು ಕೇಳಿ ಹತ್ತು ನಿಮಿಷದಲ್ಲಿ ಎದ್ದು ಹೋದೆ.

ಆ ಕಾರ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆಗಸ್ಟ್ 18ಕ್ಕೆ ಬೆಳಗಾವಿಯಲ್ಲಿ ನಮ್ಮ ಇತಿಹಾಸಾಸಕ್ತರ ಬಳಗ ಈ ಮುತ್ತಿಗೆಯನ್ನು ಪ್ರದರ್ಶನಕ್ಕೆ ಇಡುತ್ತಿದೆ. ಮುಂದೆ ಇಡುವ ಕಾರ್ಡಿನಲ್ಲಿ ‘ಧಾರವಾಡದ ಮುತ್ತಿಗೆ: ಗುರುಪುತ್ರಪ್ಪನವರ ಸೇನಾ ಸಂಗ್ರಹ’ ಎಂದಿದೆ. ಅದರಲ್ಲಿ ಸುಳ್ಳೇನಿದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಹದಿನೈದು ದಿನದಲ್ಲಿ ಪೆಟ್ಟಿಗೆ ಬರಲಿ.

ಗುರುಪುತ್ರಪ್ಪ
ನಿವೃತ್ತ ಇತಿಹಾಸ ಶಿಕ್ಷಕ


ಬೆಳಗಾವಿ
11 ಜೂನ್ 2024

ಮಾಸ್ತರರಿಗೆ,

ನೀವು ಶರಣು ಬಿಟ್ಟಿರಿ, ನಾನು ಸಲಾಮು ಬಿಟ್ಟಿದ್ದೇನೆ. ಅಲ್ಲಿಗೆ ಇಬ್ಬರೂ ಸಮ. ಪೆಟ್ಟಿಗೆ ಬರುವುದಿಲ್ಲ.

ಕಾರ್ಡಿನಲ್ಲಿ ಸುಳ್ಳೇನು ಎಂದು ಕೇಳಿದ್ದೀರಿ. ಹೇಳುತ್ತೇನೆ. ಆಟೋ ನಗರದಲ್ಲಿ ಮೂವತ್ತೆರಡು ವರ್ಷ ಲಾರಿಗಳಿಗೆ ಬಣ್ಣ ಹೊಡೆದು ಅಕ್ಷರ ಬರೆದವನು ನಾನು. ಮಾಲೀಕನ ಹೆಸರು, ಅವನ ಮಕ್ಕಳ ಹೆಸರು, ಅವನ ದೇವರ ಹೆಸರು ಎಲ್ಲ ಬರೆದೆ. ಕೊನೆಗೆ ಮೂಲೆಯಲ್ಲಿ ಚಿಕ್ಕದಾಗಿ ‘ರಸೂಲ್ ಆರ್ಟ್ಸ್’ ಎಂದು ಬರೆದುಕೊಳ್ಳುತ್ತಿದ್ದೆ. ಎಂಥ ಜಿಪುಣ ಮಾಲೀಕನೂ ಅದಕ್ಕೆ ಬೇಡ ಅನ್ನಲಿಲ್ಲ. ಇಷ್ಟೆಲ್ಲ ಓದಿಕೊಂಡ ನೀವು ಅಂದಿರಿ.

ಅಂದದ್ದು ಹೇಗೆ ಎಂದೂ ನೆನಪಿಸುತ್ತೇನೆ. ಬಳಗದ ಬಾಳಪ್ಪ ಎದುರಿಗೆ ಕೂತು ಕಾರ್ಡನ್ನು ಗಟ್ಟಿಯಾಗಿ ಓದಿದ. ನನ್ನ ಹೆಸರು ಎಲ್ಲಿ ಎಂದು ಕೇಳಿದೆ. ನೀವು ನಕ್ಕು, “ಬಣ್ಣಾ ಹಚ್ಚಿದಾಂವನ ಹೆಸರು ಯಾವ ಕ್ವಾಟಿ ಮ್ಯಾಲ ಬರದಾರೋ ಮಾರಾಯಾ?” ಎಂದಿರಿ. ಬಾಳಪ್ಪನೂ ನಕ್ಕ. ಅವನು ನಗದಿದ್ದರೆ ನಾನು ಪೆಟ್ಟಿಗೆ ಮುಟ್ಟುತ್ತಿರಲಿಲ್ಲವೋ ಏನೋ.

ಒಬ್ಬ ಸಿಪಾಯಿಯನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಬೇಕು. ಕಪ್ಪು ಪ್ರೈಮರ್ ಹೊಡೆಯಬೇಕು. ಅದರ ಮೇಲೆ ನೇರಳೆ, ಅದು ಒಣಗಿದ ಮೇಲೆ ಮೂರೆಳೆ ಕೂದಲಿನ ಕುಂಚದಲ್ಲಿ ಬಿಳಿ ಪಟ್ಟೆ. ಒಬ್ಬೊಬ್ಬನ ಮೈಮೇಲೆ ಮೂವತ್ತು ಪಟ್ಟೆ. ಅಂಥ ನೂರಿಪ್ಪತ್ತು ಜನಕ್ಕೆ ಮೂರು ವರ್ಷ ಹಿಡಿಯಿತು. ಪುಸ್ತಕದಲ್ಲಿ ‘ನೇರಳೆ’ ಎಂದು ಓದುವುದಕ್ಕೆ ನಿಮಗೆ ಎಷ್ಟು ಹೊತ್ತು ಹಿಡಿದಿತ್ತು?

ಬೇರೆಯವರ ಕೈಕೆಲಸದ ಮೇಲೆ ತನ್ನ ಹೆಸರು ಬರೆದುಕೊಳ್ಳುವವನನ್ನು ಏನೆಂದು ಕರೆಯುತ್ತಾರೆ ಎಂದು ನಾನು ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಕಾರ್ಡಿನಲ್ಲಿ ‘ಬಣ್ಣ: ರಸೂಲಸಾಬ’ ಎಂದು ಬರಲಿ, ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ. ಆಗ ಪೆಟ್ಟಿಗೆ ಬರುತ್ತದೆ. ಇಲ್ಲವಾದರೆ ಖಾಲಿ ಕೋಟೆಯನ್ನೇ ಪ್ರದರ್ಶನಕ್ಕೆ ಇಟ್ಟುಕೊಳ್ಳಿ.

ರಸೂಲಸಾಬ


ಖಾನಾಪುರ
19 ಜೂನ್ 2024

ರಸೂಲಸಾಬನಿಗೆ,

ಪತ್ರ ತಲುಪಿತು. ಒಂದು ಪುಟಕ್ಕೆ ಹನ್ನೆರಡೇ ಸಾಲು, ಅಕ್ಷರಗಳು ಲಾರಿಯ ಹಿಂದೆ ಬರೆದಷ್ಟು ದೊಡ್ಡವು. ಕೂಗಿ ಹೇಳಿದರೆ ನಿಜವಾಗುತ್ತದೆ ಎಂದುಕೊಂಡಿದ್ದೀಯ ಎಂದು ಕಾಣುತ್ತದೆ.

ನೀನು ಸಿಟ್ಟಿನಲ್ಲಿ ಪೆಟ್ಟಿಗೆ ತುಂಬುವಾಗ ಇಬ್ಬರು ಸಿಪಾಯಿಗಳು ಮೇಜಿನ ಕೆಳಗೆ ಬಿದ್ದಿದ್ದರು. ನಿಂಗವ್ವ ಕಸ ಗುಡಿಸುವಾಗ ಸಿಕ್ಕರು. ಅವರನ್ನು ನನ್ನ ಮರಾಠರ ಪಕ್ಕದಲ್ಲಿ ನಿಲ್ಲಿಸಿ ಭೂತಗನ್ನಡಿ ಹಿಡಿದು ನೋಡಿದೆ. ಮೂರು ವರ್ಷದಿಂದ ಅವರನ್ನು ಮೇಜಿನ ಆಚೆಯಿಂದ ನೋಡುತ್ತಿದ್ದೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನೋಡಿದ ಮೇಲೆ ನಿನಗೆ ಕೇಳಲು ಒಂದೇ ಪ್ರಶ್ನೆ ಉಳಿದಿದೆ. ಇವಕ್ಕೆ ಬಣ್ಣ ಹಚ್ಚಿದವರು ಯಾರು?

ಸುಮ್ಮನೆ ಕೇಳುತ್ತಿಲ್ಲ. ಮೊದಲಿನ ಇನ್ನೂರು ಜನರಿಗೂ ನೀನು ಕಣ್ಣು ಬರೆದಿದ್ದೀಯ. ಬಿಳಿಯ ಮೇಲೆ ಕಪ್ಪು ಚುಕ್ಕೆ. ಎಲ್ಲರೂ ದೆವ್ವ ಕಂಡವರ ಹಾಗೆ ನೋಡುತ್ತಾರೆ. ಇಷ್ಟು ಚಿಕ್ಕ ಮುಖಕ್ಕೆ ಕಣ್ಣು ಬೇಡ, ದೂರದ ಮನುಷ್ಯನ ಕಣ್ಣು ಯಾರಿಗೂ ಕಾಣುವುದಿಲ್ಲ, ಹುಬ್ಬಿನ ಕೆಳಗೆ ಒಂದು ನೆರಳು ಸಾಕು ಎಂದು ನಿನ್ನ ಮನೆಯ ಪಡಸಾಲೆಯಲ್ಲಿ ಕೂತು ನೂರು ಸಲ ಹೇಳಿದ್ದೇನೆ. “ಕಣ್ಣಿಲ್ಲದ ಸಿಪಾಯಿ ಯಾರಿಗೆ ಗುಂಡ ಹೊಡೀತಾನ್ರಿ?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಈ ಇಬ್ಬರಿಗೆ ಕಣ್ಣಿಲ್ಲ. ಹುಬ್ಬಿನ ಕೆಳಗೆ ಕಂದು ಬಣ್ಣದ ತೆಳುವಾದ ನೆರಳಿದೆ, ನಾನು ಹೇಳಿದಂತೆಯೇ. ಹನ್ನೊಂದು ವರ್ಷದಲ್ಲಿ ನನ್ನ ಒಂದು ಮಾತನ್ನಾದರೂ ಕೇಳಿದ್ದೀಯಾ? ಅಂದ ಮೇಲೆ ಇದು ನಿನ್ನ ಕೆಲಸವಲ್ಲ.

ಈಗ ಎಲ್ಲ ಅರ್ಥವಾಗುತ್ತಿದೆ. ಮೂರು ವರ್ಷದಿಂದ ನನ್ನೆದುರು ನೀನು ಕುಂಚ ಹಿಡಿದಿಲ್ಲ. ನಾನು ನಿನ್ನ ಮನೆಗೆ ಬಂದಾಗಲೆಲ್ಲ ಸಿಪಾಯಿಗಳ ತಟ್ಟೆಯ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. ಆಟದಲ್ಲೂ ಮೊದಲಿನ ಆಸೆ ಇಲ್ಲ. ದಾಳ ಉರುಳಿಸಿ, ಎಷ್ಟು ಬಿತ್ತೆಂದು ನೋಡುವ ಗೋಜಿಗೂ ಹೋಗದೆ “ನೀವ ಓದ್ರಿ ಮಾಸ್ತರ” ಅನ್ನುತ್ತೀಯ. ಚಿತ್ರಕಲೆ ಕಲಿಯುವ ಹುಡುಗರಿಗೆ ಯಾರಿಗೋ ಕೆಲಸ ಕೊಟ್ಟು, ಅವರ ಹೆಸರು ನುಂಗಿ, ನನಗೆ ನೀತಿ ಹೇಳಲು ಬಂದಿದ್ದೀಯ.

ನಾನು ಹೇಳುವುದು ತಪ್ಪಾದರೆ ಹದಿನೆಂಟರಂದು ಬಂದು ಎಲ್ಲರೆದುರು ಒಬ್ಬ ಸಿಪಾಯಿಗೆ ಹುಲಿಪಟ್ಟೆ ಬರೆದು ತೋರಿಸು. ತೋರಿಸಿದರೆ ಕಾರ್ಡಿನಲ್ಲಿ ನಿನ್ನ ಹೆಸರೊಂದೇ ಇರುತ್ತದೆ, ನನ್ನದನ್ನು ತೆಗೆಸುತ್ತೇನೆ.

ಗುರುಪುತ್ರಪ್ಪ


ಬೆಳಗಾವಿ
25 ಜೂನ್ 2024

ಮಾಸ್ತರರಿಗೆ,

ಬರುತ್ತೇನೆ. ನಿಮ್ಮ ಬಳಗವನ್ನೆಲ್ಲ ಕೂಡಿಸಿ. ಆ ಬಾಳಪ್ಪನನ್ನು ಮುಂದಿನ ಸಾಲಿನಲ್ಲೇ ಕೂರಿಸಿ.

ಆ ನೂರಿಪ್ಪತ್ತು ನನ್ನವು. ಮನುಷ್ಯ ಅರವತ್ತನಾಲ್ಕಕ್ಕೆ ಕಲಿಯಬಾರದು ಎಂದು ಯಾವ ಪುಸ್ತಕದಲ್ಲಿದೆ? ನಿಮ್ಮ ಮಾತು ಕೇಳಿ ಕಣ್ಣು ಬರೆಯುವುದನ್ನು ಬಿಟ್ಟೆ. ಒಮ್ಮೆ ನಿಮ್ಮ ಮಾತು ಕೇಳಿದ್ದಕ್ಕೆ ಇದು ಸಿಕ್ಕಿತು.

ಇನ್ನು ಪತ್ರ ಬರೆಯಬೇಡಿ.

ರಸೂಲಸಾಬ


ಖಾನಾಪುರ
1 ಜುಲೈ 2024

ರಸೂಲಸಾಬನಿಗೆ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ, ವ್ಯವಸ್ಥೆ ತಿಳಿಸಬೇಕಲ್ಲ. ಸಭಾಗೃಹದ ನಡುವೆ ನಿನಗೊಂದು ಕುರ್ಚಿ, ಮೇಜು, ಮೇಲೊಂದು ಜೋರಾದ ದೀಪ. ಬೆಳಗ್ಗೆ ಹನ್ನೊಂದಕ್ಕೆ ಬಾಳಪ್ಪ ಮೈಕಿನಲ್ಲಿ ನಿನ್ನ ಹೆಸರು ಕರೆಯುತ್ತಾನೆ. ಒಂದು ತಾಸು ಸಮಯ. ಕುಂಚ, ಬಣ್ಣ ನಿನ್ನದೇ ತಾ, ಆಮೇಲೆ ನೆಪ ಹೇಳಬಾರದು. ಇಡೀ ಬಳಗಕ್ಕೆ ಸುದ್ದಿ ಮುಟ್ಟಿಸಿದ್ದೇನೆ.

ಹಿಂದೆ ಸರಿಯುವುದಾದರೆ ಈಗಲೇ ಒಂದು ಸಾಲು ಬರೆ. ಜನರ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಅದು ವಾಸಿ.

ಗುರುಪುತ್ರಪ್ಪ


ಬೆಳಗಾವಿ
9 ಜುಲೈ 2024

ಮಾಸ್ತರರಿಗೆ,

ಇದು ರಸೂಲಸಾಬರ ಹೆಂಡತಿ ಬರೆಯುವ ಪತ್ರ. ಅವರು ನಮಾಜಿಗೆ ಹೋಗಿದ್ದಾರೆ, ಬರುವುದರೊಳಗೆ ಮುಗಿಸಬೇಕು. ಏಳನೇ ಇಯತ್ತೆಯ ತನಕ ಕನ್ನಡ ಸಾಲಿಯಲ್ಲಿ ಓದಿದ್ದೇನೆ, ತಪ್ಪಿದ್ದರೆ ತಿದ್ದಲು ಹೋಗಬೇಡಿ.

ನಿಮ್ಮ ಪತ್ರಗಳನ್ನು ಅವರಿಗೆ ಓದಿ ಹೇಳುವವಳು ನಾನು. ನೀವು ಬೈದದ್ದೆಲ್ಲ ಅವರ ಕಿವಿಗೆ ಬಿದ್ದದ್ದು ನನ್ನ ಬಾಯಿಂದ. ಕೊನೆಯ ಪತ್ರದಲ್ಲಿ ಕೈಕಟ್ಟಿ ನಿಲ್ಲುವ ಸಾಲನ್ನು ಬಿಟ್ಟು ಓದಿದೆ. ಅದನ್ನು ಅವರ ಮುಂದೆ ನುಡಿಯಲು ನನ್ನ ನಾಲಿಗೆ ಹೊರಳಲಿಲ್ಲ.

ಅವರಿಗೆ ಕಾಣುವುದಿಲ್ಲ. ಶುಗರ್ ಕಣ್ಣಿಗೆ ಹೋಗಿ ಮೂರು ವರ್ಷವಾಯಿತು. ಎರಡು ಸಲ ಲೇಸರ್ ಮಾಡಿಸಿದೆವು. ಬಾಗಿಲು ಕಾಣುತ್ತದೆ, ಬಸ್ಸು ಕಾಣುತ್ತದೆ, ಮನುಷ್ಯರು ಬಂದರೆ ಯಾರೋ ಬಂದರು ಎನ್ನುವಷ್ಟು ಕಾಣುತ್ತದೆ. ನಿಮ್ಮ ಸಿಪಾಯಿ ಕಾಣುವುದಿಲ್ಲ, ದಾಳದ ಚುಕ್ಕೆ ಕಾಣುವುದಿಲ್ಲ. ಅಂದಾಜಿನ ಮೇಲೆ ದೊಡ್ಡದಾಗಿ ಅಕ್ಷರ ಬರೆಯುತ್ತಾರೆ. ಅದನ್ನು ನೀವು ಕೂಗಾಟ ಎಂದಿರಿ.

ಆ ನೂರಿಪ್ಪತ್ತನ್ನು ಮಾಡಿದವಳು ನಾನು. ಶಹಾಪುರದ ಅಂಗಡಿಗಳಿಗೆ ಸೀರೆಯ ಸೆರಗಿನ ಗೊಂಡೆ ಕಟ್ಟಿಕೊಡುತ್ತ ಬಂದವಳು, ಸಣ್ಣ ಕೆಲಸ ನನಗೆ ಹೊಸದಲ್ಲ. ಮೊದಲ ಹತ್ತು ಹಾಳಾದವು, ಬಣ್ಣ ತೊಳೆದು ಮತ್ತೆ ಮಾಡಿದೆ. ಅವರು ಬಾಜು ಕೂತು ಬಣ್ಣ ಎಷ್ಟು ತೆಳುವಾಗಿರಬೇಕು, ಕುಂಚದ ತುದಿಯನ್ನು ಹೇಗೆ ತಿರುವಬೇಕು ಎಂದು ಹೇಳಿಕೊಟ್ಟರು. ಕಲಿಸುವಾಗ ಬೈದರು ಕೂಡ. ಕಣ್ಣಿನ ಮಾತನ್ನು ಮಾತ್ರ ಅವರಿಂದ ಕಲಿತಿಲ್ಲ. ಚಹಾ ಇಟ್ಟು ಒಳಗೆ ಹೋಗುವವಳಿಗೂ ಕಿವಿ ಇರುತ್ತದೆ. ನೀವು ನೆರಳು ಸಾಕು ಎಂದು ಹೇಳುತ್ತಿದ್ದದ್ದು ನನಗೆ ಸರಿ ಅನ್ನಿಸಿತು, ಹಾಗೇ ಮಾಡಿದೆ. ಹನ್ನೊಂದು ವರ್ಷ ನೀವು ಅವರಿಗೆ ಹೇಳಿದ್ದನ್ನು ಈ ಮನೆಯಲ್ಲಿ ಕೇಳಿದವಳು ನಾನೊಬ್ಬಳೇ.

ಇದನ್ನು ಓದಿ, ಸಿಕ್ಕಿಬಿದ್ದ ಎಂದು ನೀವು ಖುಷಿಪಡಬೇಡಿ. ಅವರು ಸುಳ್ಳು ಹೇಳಿದ್ದಾರೆ. ಹೆಸರಿಗಾಗಿ ಅವರು ನಿಮ್ಮ ಮೇಲೆ ಕೆಂಡ ಕಾರುತ್ತ ಬರೆಯುವಾಗ, ಬಾಜು ಕೂತು ಆ ಲಕೋಟೆಗೆ ಅಂಟು ಹಚ್ಚಿದವಳು ನಾನು. ಆ ಸಿಟ್ಟು ನನ್ನೊಳಗೆ ಇದೆ, ಅದನ್ನು ಅವರ ಜೊತೆ ನಾನೇ ತೀರಿಸಿಕೊಳ್ಳುತ್ತೇನೆ. ನಿಮ್ಮ ಮೇಲಿನ ಸಿಟ್ಟು ಬೇರೆ. ಭೂತಗನ್ನಡಿ ಹಿಡಿದು ಹೆಬ್ಬೆರಳಷ್ಟಿಲ್ಲದ ಗೊಂಬೆಯ ಮುಖ ನೋಡಿದಿರಿ. ಎರಡು ಅಡಿ ದೂರದಲ್ಲಿ ಕೂತ ಗೆಳೆಯನ ಮುಖವನ್ನು ಮೂರು ವರ್ಷ ನೋಡಲಿಲ್ಲ.

ಹದಿನೆಂಟರಂದು ಆ ಕುರ್ಚಿಯಲ್ಲಿ ಅವರು ಕೂರುವುದಿಲ್ಲ. ನಾನು ಕೂರುತ್ತೇನೆ. ಒಂದು ತಾಸು ಬೇಡ, ಅರ್ಧ ತಾಸು ಸಾಕು. ದೀಪ ಇರಲಿ.

ರಸೂಲಸಾಬರ ಮನೆಯಾಕೆ


ಖಾನಾಪುರ
16 ಜುಲೈ 2024

ಭಾಬಿಯವರಿಗೆ,

ಶರಣು ಶರಣಾರ್ಥಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಲ್ಲಿ ಮೂರು ದಿನದಿಂದ ಮಳೆ ಹಿಡಿದಿದೆ, ಹೊರಗೆ ಹೋಗುವಂತಿಲ್ಲ. ಮೇಜಿನ ಮುಂದೆ ಕೂತು ಆ ಖಾಲಿ ಕೋಟೆಯನ್ನು ನೋಡುತ್ತಿದ್ದೆ.

ಪರೀಕ್ಷೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಬಾಳಪ್ಪನಿಗೂ ತಿಳಿಸಿದ್ದೇನೆ, ಕಾರಣ ಹೇಳಿಲ್ಲ. ಹಾಗೆಂದು ರಸೂಲಸಾಬನನ್ನು ಕ್ಷಮಿಸಿದೆ ಎಂದು ತಿಳಿಯಬೇಡಿ. ಕಣ್ಣು ಹೋದದ್ದನ್ನು ನನಗೆ ಹೇಳದೆ ಮುಚ್ಚಿಟ್ಟ. ನಾನೇನು ಊರೆಲ್ಲ ಡಂಗುರ ಸಾರುತ್ತಿದ್ದೆನೇ? ಸಾರುತ್ತಿದ್ದೆ ಎಂದು ಅವನಿಗೆ ಅನ್ನಿಸಿದೆ. ನನಗೆ ನೋವಾಗಿರುವುದು ಅದಕ್ಕೆ.

ಕಾರ್ಡನ್ನು ಹೊಸದಾಗಿ ಬರೆಸುತ್ತಿದ್ದೇನೆ, ಆಗಸ್ಟ್ ಐದಕ್ಕೆ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ನಿಮ್ಮ ಹೆಸರು ಬರಬೇಕು. ಇಲ್ಲೊಂದು ತೊಂದರೆಯಾಗಿದೆ. ವಿಷಯವನ್ನೆಲ್ಲ ನಿಂಗವ್ವನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, “ಆಕಿ ಹೆಸರೇನ್ರೀ?” ನಾನು ‘ಭಾಬಿ’ ಎಂದೆ. “ಹನ್ನೊಂದು ವರ್ಷ ಅವರ ಮನ್ಯಾಗ ಚಾ ಕುಡದ ಬಂದೀರಿ, ಹೆಸರು ಗೊತ್ತಿಲ್ಲೇನು?” ಎಂದು ಒಳಗೆ ಹೋದಳು. ಅವತ್ತು ರಾತ್ರಿ ಊಟವನ್ನು ನಾನೇ ಬಡಿಸಿಕೊಂಡೆ.

ಭಾಬಿ ಎಂದು ಕರೆಯುತ್ತಿದ್ದೆ, ಅದೇ ಸಾಕಾಗಿತ್ತು. ನೀವೂ ಪತ್ರದ ಕೊನೆಗೆ ಹೆಸರು ಬರೆದಿಲ್ಲ. ಕೇಳಲು ನಾಚಿಕೆಯಾಗುತ್ತಿದೆ. ದಯವಿಟ್ಟು ತಿಳಿಸಿ.

ಗುರುಪುತ್ರಪ್ಪ


ಬೆಳಗಾವಿ
24 ಜುಲೈ 2024

ಮಾಸ್ತರರಿಗೆ,

ನಿಮ್ಮ ಪತ್ರವನ್ನು ಆಕೆ ನನಗೆ ಓದಿ ಹೇಳಿದಳು. ಅದಕ್ಕೆ ಮೊದಲು ತಾನು ಬರೆದದ್ದನ್ನೂ ಹೇಳಿದಳು. ನನಗೆ ಬಂದ ಸಿಟ್ಟಿಗೆ ಲೋಟ ಎಸೆದೆ. ಗೋಡೆಗೆ ಹೊಡೆಯಬೇಕೆಂದಿದ್ದೆ, ಅದು ಕಿಟಕಿಯಿಂದ ಹೊರಗೆ ಹೋಯಿತು. ಅಷ್ಟೇ ನನ್ನ ಕಣ್ಣಿನ ಯೋಗ್ಯತೆ.

ಆಕೆ ಹೆದರಲಿಲ್ಲ. “ಮಾಸ್ತರು ಕಾರ್ಡಿನ್ಯಾಗ ಹೆಸರು ಹಾಕಲಿಲ್ಲಂತ ನಿಮಗ ಇಷ್ಟ ಸಿಟ್ಟ ಬಂತು. ಹಂಗಾದ್ರ ನನಗೆಷ್ಟ ಬರಬೇಕು?” ಎಂದು ಕೇಳಿದಳು. ನಾಲ್ಕು ದಿನದ ಹಿಂದೆ ಈ ಮನೆಯಲ್ಲಿ ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಊಟಕ್ಕೆ ಬಡಿಸುತ್ತಾಳೆ, ಔಷಧಿ ಕೈಗೆ ಕೊಡುತ್ತಾಳೆ.

ನಿಮಗೆ ಯಾಕೆ ಹೇಳಲಿಲ್ಲ ಎಂದು ಆಕೆಗೆ ಬರೆದ ಪತ್ರದಲ್ಲಿ ದುಃಖ ತೋಡಿಕೊಂಡಿದ್ದೀರಿ. ಕೇಳಿ. ಒಂದು ಮಧ್ಯಾಹ್ನ ಪಟ್ಟೆ ಬರೆಯಲು ಹೋದೆ. ಬಣ್ಣ ನನ್ನ ಬೆರಳಿನ ಮೇಲೆ ತಣ್ಣಗೆ ತಾಗಿತು, ಸಿಪಾಯಿ ಎಲ್ಲಿದ್ದಾನೆ ಎಂದು ತಿಳಿಯಲಿಲ್ಲ. ಸೈನ್ಯದಲ್ಲಿ ನನ್ನ ಪಾಲಿಗಿದ್ದದ್ದು ಕುಂಚ ಒಂದೇ. ಅದು ಹೋಯಿತು ಎಂದರೆ ನೀವು ಭಾನುವಾರ ನನ್ನನ್ನು ಯಾಕೆ ಕರೆಯುತ್ತಿದ್ದಿರಿ? ಕರೆಯುತ್ತಿದ್ದೆ ಎಂದು ಈಗ ಬರೆಯಬೇಡಿ. ಕಾರ್ಡಿನ ಸಾಲು ಕೇಳಿದ ದಿನವೇ ನನಗೆ ಉತ್ತರ ಸಿಕ್ಕಿದೆ. ಬಣ್ಣ ಹಚ್ಚಿದವನು ನಾನೇ ಎಂದು ನೀವು ನಂಬಿದ್ದಾಗಲೇ ನನ್ನ ಹೆಸರು ಬರಲಿಲ್ಲ.

ಮೂರು ವರ್ಷ ನನ್ನ ದಾಳ ಓದಿದವರು ನೀವು. ಸೋತಾಗ ಸೋತೆ ಎಂದುಕೊಂಡೆ, ಒಮ್ಮೆಯೂ ನಿಮ್ಮ ಮೇಲೆ ಅನುಮಾನಪಡಲಿಲ್ಲ. ನೀವು ಎರಡು ಗೊಂಬೆ ನೋಡಿ ನನ್ನನ್ನು ಕಳ್ಳ ಮಾಡಿದಿರಿ. ಮಾಡಿದ್ದು ಖರೇ ಆಯಿತು, ಅದು ಬೇರೆ ಮಾತು. ಕಳ್ಳತನ ಮಾಡಿದ್ದು ನಿಮ್ಮ ಮನೆಯಲ್ಲಿ ಅಲ್ಲ, ನನ್ನ ಮನೆಯಲ್ಲೇ. ಅದನ್ನು ನಾನು ಯಾರಿಗೆ ವಾಪಸು ಕೊಡಬೇಕೋ ಅವರಿಗೆ ಕೊಡುತ್ತೇನೆ, ನಿಮ್ಮ ಮೂಲಕ ಅಲ್ಲ.

ಆಕೆಯ ಹೆಸರನ್ನು ನನ್ನಿಂದ ಪಡೆಯಬೇಡಿ. ಕೊಡಬೇಕು ಅನ್ನಿಸಿದರೆ ಆಕೆಯೇ ಕೊಡುತ್ತಾಳೆ. ನಾನು ಹದಿನೆಂಟಕ್ಕೆ ಬರುವುದಿಲ್ಲ.

ರಸೂಲಸಾಬ


ಬೆಳಗಾವಿ
30 ಜುಲೈ 2024

ಮಾಸ್ತರರಿಗೆ,

ಹದಿನೆಂಟಕ್ಕೆ ಪೆಟ್ಟಿಗೆಯನ್ನು ನಾನೇ ತರುತ್ತೇನೆ. ನಿಮ್ಮ ಹತ್ತಿರ ಉಳಿದಿರುವ ಇಬ್ಬರನ್ನು ಅಲ್ಲಿಗೇ ತನ್ನಿ. ಪರೀಕ್ಷೆ ರದ್ದು ಮಾಡಿದ್ದೀರಿ ಎಂದು ಗೊತ್ತು. ಆದರೂ ಕುರ್ಚಿ ತೆಗೆಸಬೇಡಿ.

ಅವರು ಬರುವುದಿಲ್ಲ ಎಂದು ನಿಮಗೆ ಬರೆದಿದ್ದಾರೆ. ನಾನು ಬನ್ನಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ನಿನ್ನೆ ಮಾತ್ರ ತಮ್ಮ ಬಿಳಿ ಅಂಗಿಗೆ ಇಸ್ತ್ರಿ ಬೇಕು ಎಂದರು. ಮಾಡಿಟ್ಟಿದ್ದೇನೆ.

ಕಾರ್ಡಿನಲ್ಲಿ ಮೊದಲು, ಇನ್ನೂರು ಸಿಪಾಯಿಗಳಿಗೆ ಬಣ್ಣ ಹಚ್ಚಿದ್ದು ರಸೂಲಸಾಬ ಎಂದು ಬರಲಿ. ಅದು ಖರೇ, ಅದನ್ನು ಯಾರೂ ಅಲ್ಲಗಳೆಯಲಾರರು. ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನೂರಿಪ್ಪತ್ತು ಸಿಪಾಯಿಗಳು ಎಂದು ಹಾಕಿ ನನ್ನ ಹೆಸರು. ನಿಮ್ಮದನ್ನು ಎಲ್ಲಿ ಹಾಕಬೇಕು ಎಂದು ನೀವೇ ನೋಡಿಕೊಳ್ಳಿ, ತಳಕ್ಕೆ ಜಾಗ ಉಳಿಯುತ್ತದೆ.

ನನ್ನ ಹೆಸರಿನ ಹಿಂದೆ ಮುಂದೆ ಏನೂ ಬೇಡ. ಶ್ರೀಮತಿ ಬೇಡ, ಇಂಥವರ ಹೆಂಡತಿ ಎಂದೂ ಬೇಡ, ಭಾಬಿ ಎಂದಂತೂ ಬೇಡವೇ ಬೇಡ. ಕೆಳಗೆ ಬರೆದಿದ್ದೇನೆ, ನೋಡಿಕೊಂಡು ಹಾಗೆಯೇ ಅಚ್ಚು ಹಾಕಿಸಿ.

ರಾಜಬೀ